ಆರ್ಗ್ ಮೋಡ್‌ನಲ್ಲಿ ಹೊಸ ಟಿಪ್ಪಣಿ ಬೇಕಾದ ಶೀರ್ಷಿಕೆಯಡಿ ಬೀಳುತ್ತಿಲ್ಲ, ಹನ್ನೆರಡು ಟೆಂಪ್ಲೇಟ್ ಮಾಡಲೇ?

ಸೋಮವಾರಪೇಟೆಯವರೇ, ಕಾಫಿ ತೋಟದ ಲೆಕ್ಕವನ್ನು ಇಮ್ಯಾಕ್ಸ್ ಎಂಬ ಪಠ್ಯ ಸಂಪಾದಕದ ಆರ್ಗ್ ಮೋಡ್‌ನಲ್ಲಿ (ಶೀರ್ಷಿಕೆಗಳಡಿ ಟಿಪ್ಪಣಿ ಜೋಡಿಸುವ ವ್ಯವಸ್ಥೆ) ಇಡುತ್ತಾ, ಶೀರ್ಷಿಕೆಗೊಂದರಂತೆ ಹನ್ನೆರಡು ಟೆಂಪ್ಲೇಟ್ ಮಾಡಲೇ ಎಂದು ಕೇಳಿದ್ದೀರಿ. ಇದು ನನಗೆ ಹಳೇ ಪರಿಚಯದ ಕಾಟ. ಕ್ಯಾಪ್ಚರ್ ಮಾಡಿದ (ಅಂದರೆ ಸಿದ್ಧ ಟೆಂಪ್ಲೇಟಿನಿಂದ ಥಟ್ಟನೆ ಬರೆದಿಟ್ಟ) ಟಿಪ್ಪಣಿ ‘ಲೇಬರ್ ಲೆಕ್ಕ’ದ ಕೆಳಗೆ ಕೂರುವುದಿಲ್ಲ, ಫೈಲಿನ ಬುಡದಲ್ಲಿ ಅದೇ ಹೆಸರಿನ ಇನ್ನೊಂದು ಶೀರ್ಷಿಕೆ ಹುಟ್ಟಿಕೊಂಡು ಅಲ್ಲಿ ಸೇರುತ್ತದೆ. ಅಳಿಸಿದರೆ ಮತ್ತೆ ಬರುತ್ತದೆ. ಇಮ್ಯಾಕ್ಸ್ ಕೆಟ್ಟಿಲ್ಲ, ಮತ್ತೆ ಇನ್‌ಸ್ಟಾಲ್ ಮಾಡಲು ಹೋಗಬೇಡಿ.

ಟೆಂಪ್ಲೇಟಿನ ಟಾರ್ಗೆಟ್ ಜಾಗದಲ್ಲಿ, ಅಂದರೆ ಟಿಪ್ಪಣಿ ಎಲ್ಲಿಗೆ ಹೋಗಬೇಕೆಂದು ಹೇಳುವಲ್ಲಿ, ‘ಫೈಲ್+ಹೆಡ್‌ಲೈನ್’ ಅಂತ ಕೊಟ್ಟರೆ ಆರ್ಗ್ ಆ ಹೆಸರನ್ನು ಫೈಲಿನ ತಲೆಯಿಂದ ಹುಡುಕುತ್ತದೆ. ಶೀರ್ಷಿಕೆಗೆ ‘ಟುಡು’ (ಮಾಡಬೇಕಾದ ಕೆಲಸ) ಎಂಬ ಗುರುತು, ಟ್ಯಾಗ್ ಅಂಟಿದ್ದರೂ ಅಡ್ಡಿಯಿಲ್ಲ, ಆದರೆ ಹೆಸರು ಮಾತ್ರ ಅಕ್ಷರಕ್ಕೆ ಅಕ್ಷರ ಕೂಡಬೇಕು. ಕೂಡದಿದ್ದರೆ ದೂರು ಹೇಳುವುದಿಲ್ಲ, ಕೊನೆಯಲ್ಲಿ ಒಂಟಿ ನಕ್ಷತ್ರದ (ಅಂದರೆ ಮೊದಲ ಹಂತದ) ಹೊಸ ಶೀರ್ಷಿಕೆ ತಾನೇ ಬರೆದುಕೊಳ್ಳುತ್ತದೆ. ಕನ್ನಡದಲ್ಲಿ ಇದು ಇನ್ನೂ ತಾಪತ್ರಯ. ‘ಲೇಬರ್’ ಕೊನೆಯ ರ್ ಆದ ಮೇಲೆ ಕೆಲವು ಫೋನ್ ಕೀಬೋರ್ಡ್‌ಗಳು ಕಣ್ಣಿಗೆ ಕಾಣದ ‘ಜೀರೋ ವಿಡ್ತ್ ನಾನ್ ಜಾಯಿನರ್’ ಸೇರಿಸುತ್ತವೆ, ಲ್ಯಾಪ್‌ಟಾಪಿನ ಕೀಬೋರ್ಡ್ ಸೇರಿಸದೇ ಇರಬಹುದು. ಶೀರ್ಷಿಕೆ ಫೋನಿನಲ್ಲಿ ಬರೆದದ್ದು, ಟೆಂಪ್ಲೇಟ್ ಲ್ಯಾಪ್‌ಟಾಪಿನಲ್ಲಿ ಬರೆದದ್ದು ಅಂದರೆ ಎರಡೂ ನೋಡಲು ಒಂದೇ, ಆರ್ಗ್‌ಗೆ ಬೇರೆ ಬೇರೆ. ‘ಗೋಣಿ’ಯ ಓತ್ವವೂ ಹಾಗೆಯೇ: ಅದನ್ನು ಒಂದೇ ಸಂಕೇತವಾಗಿ ಬರೆಯಬಹುದು, ಒತ್ವ ಮತ್ತು ದೀರ್ಘ ಎಂದು ಎರಡಾಗಿಯೂ ಬರೆಯಬಹುದು.

ತುರ್ತಿಗೆ ಆಗುವ ಪರಿಹಾರ: ಹೆಸರನ್ನು ಟೈಪ್ ಮಾಡದೆ ಫೈಲಿನಿಂದಲೇ ಕಾಪಿ ಮಾಡಿ ಟೆಂಪ್ಲೇಟಿಗೆ ಅಂಟಿಸಿ. ನಾನು ಹೇಳುವುದು ಇದಲ್ಲ, ಐಡಿ. ಕರ್ಸರ್ ಅನ್ನು ಶೀರ್ಷಿಕೆಯ ಮೇಲಿಟ್ಟು ‘ಆರ್ಗ್-ಐಡಿ-ಗೆಟ್-ಕ್ರಿಯೇಟ್’ ಕೊಡಿ, ಶೀರ್ಷಿಕೆಯ ಕೆಳಗೆ ಅದರ ಗುಣಗಳನ್ನು ಬರೆದಿಡುವ ಪ್ರಾಪರ್ಟಿ ಡ್ರಾಯರಿನಲ್ಲಿ ಉದ್ದದೊಂದು ಗುರುತು ಬರುತ್ತದೆ. ಟಾರ್ಗೆಟ್ಟಿನಲ್ಲಿ ಫೈಲ್+ಹೆಡ್‌ಲೈನ್ ತೆಗೆದು ‘ಐಡಿ’ ಎಂದು ಬರೆದು ಆ ಗುರುತನ್ನು ಕೊಡಿ. ಆಮೇಲೆ ‘ಲೇಬರ್ ಲೆಕ್ಕ’ವನ್ನು ‘ಆಳಿನ ಲೆಕ್ಕ’ ಮಾಡಿದರೂ ಟಿಪ್ಪಣಿ ದಾರಿ ತಪ್ಪುವುದಿಲ್ಲ. ಫೈಲನ್ನೇ ಬೇರೆ ಫೋಲ್ಡರಿಗೆ ಸಾಗಿಸಿದರೆ ‘ಆರ್ಗ್-ಐಡಿ-ಅಪ್‌ಡೇಟ್-ಐಡಿ-ಲೊಕೇಶನ್ಸ್’ ಒಮ್ಮೆ ಓಡಿಸಬೇಕು.

ಅರೇಬಿಕಾ, ರೋಬಸ್ಟಾ ಎರಡರಡಿಯೂ ‘ಗೊಬ್ಬರ’ ಅಂತಿದೆ ಎಂದಿದ್ದೀರಿ. ಫೈಲ್+ಹೆಡ್‌ಲೈನ್ ಯಾವತ್ತೂ ಮೇಲಿನದಕ್ಕೇ ಹೋಗುತ್ತದೆ, ರೋಬಸ್ಟಾದ ಚೀಲವೆಲ್ಲ ಅರೇಬಿಕಾ ಲೆಕ್ಕಕ್ಕೆ! ಅಲ್ಲಿ ‘ಫೈಲ್+ಓಎಲ್‌ಪಿ’ (ಔಟ್‌ಲೈನ್ ಪಾತ್, ಅಂದರೆ ಶೀರ್ಷಿಕೆಗಳ ದಾರಿ) ಬಳಸಿ, ‘ರೋಬಸ್ಟಾ’, ‘ಗೊಬ್ಬರ’ ಎಂದು ಮೇಲಿನಿಂದ ದಾರಿ ಹೇಳಿ. ದಾರಿ ಸಿಗದಿದ್ದರೆ ಇದು ಎರರ್ ಕೊಟ್ಟು ನಿಲ್ಲುತ್ತದೆ. ಹೊಸ ಶೀರ್ಷಿಕೆ ಹುಟ್ಟಿಸುವುದಕ್ಕಿಂತ ಅದೇ ಎಷ್ಟೋ ವಾಸಿ.

ಇನ್ನು ಹನ್ನೆರಡು ಟೆಂಪ್ಲೇಟ್. ಬೇಡ. ಪಿಕ್ಕಿಂಗ್ ದಿನ ಗೋಣಿ ತೂಗುತ್ತಾ ನಿಂತವರು ‘ಇದು ಯಾವ ಶೀರ್ಷಿಕೆಗೆ’ ಎಂದು ಯೋಚಿಸಬಾರದು. ‘ಒಳಬಂದದ್ದು’ ಅಂತ ಒಂದೇ ಒಂದು ಶೀರ್ಷಿಕೆ ಇರಲಿ, ಎಲ್ಲವೂ ಅಲ್ಲಿಗೆ ಬೀಳಲಿ, ಸಂಜೆ ರೀಫೈಲ್ ಮಾಡಿ, ಅಂದರೆ ಒಂದೊಂದನ್ನೂ ಅದರದರ ಶೀರ್ಷಿಕೆಗೆ ಸಾಗಿಸಿ. ಬೇರೆ ಟೆಂಪ್ಲೇಟ್ ಬೇಕಾದದ್ದು ಮಳೆಗೆ ಮಾತ್ರ. ಅದಕ್ಕೆ ‘ಎಂಟ್ರಿ’ ಬದಲು ‘ಟೇಬಲ್-ಲೈನ್’ ವಿಧ ಕೊಟ್ಟರೆ ದಿನಕ್ಕೊಂದು ಸಾಲು ಕೋಷ್ಟಕಕ್ಕೆ ಸೇರುತ್ತದೆ: ದಿನಾಂಕ, ಇಂಚು-ಸೆಂಟು (ಸೆಂಟು ಅಂದರೆ ಇಂಚಿನ ನೂರನೇ ಒಂದು ಭಾಗ), ಷರಾ. ದಿನಾಂಕದ ಜಾಗದಲ್ಲಿ ಶೇಕಡಾ ಚಿಹ್ನೆ, ಸಣ್ಣ ಯು ಹಾಕಿದರೆ ಇವತ್ತಿನದು ಬರುತ್ತದೆ. ನಡುವೆ ಕ್ಯಾರೆಟ್ ಚಿಹ್ನೆ ಸೇರಿಸಿದರೆ ದಿನಾಂಕ ಕೇಳುತ್ತದೆ. ಭಾಗಮಂಡಲದ ಕಡೆಯಂಥ ಮಳೆಗೆ ಎರಡನೆಯದೇ ಸರಿ, ಕರೆಂಟ್ ಹೋದ ದಿನದ್ದನ್ನು ಆಮೇಲೆ ತುಂಬಬಹುದು.

ರೀಫೈಲ್ ಪಟ್ಟಿಯಲ್ಲಿ ಮೊದಲಿಗೆ ತೆರೆದಿರುವ ಫೈಲಿನ ಒಂಟಿ ನಕ್ಷತ್ರದ ಶೀರ್ಷಿಕೆಗಳಷ್ಟೇ ಕಾಣುತ್ತವೆ. ‘ಆರ್ಗ್-ರೀಫೈಲ್-ಟಾರ್ಗೆಟ್ಸ್’ನಲ್ಲಿ ಅಜೆಂಡಾ ಫೈಲುಗಳನ್ನು (ಆರ್ಗ್‌ನ ದಿನಚರಿ ಪಟ್ಟಿಗೆ ಸೇರಿಸಿದ ಫೈಲುಗಳು) ಕೊಟ್ಟು ‘ಮ್ಯಾಕ್ಸ್‌ಲೆವೆಲ್’ 3 ಮಾಡಿ, ಮೂರನೇ ಹಂತದವರೆಗಿನ ಶೀರ್ಷಿಕೆಗಳೂ ಕಾಣುತ್ತವೆ. ಬರೆಯುತ್ತಿರುವಾಗಲೇ ಜಾಗ ಹೊಳೆದರೆ ಕಂಟ್ರೋಲ್-ಸಿ ಕಂಟ್ರೋಲ್-ಸಿ ಬದಲು ಕಂಟ್ರೋಲ್-ಸಿ ಕಂಟ್ರೋಲ್-ಡಬ್ಲ್ಯೂ ಒತ್ತಿ, ಟಿಪ್ಪಣಿ ಮುಗಿಸಿ ಅಲ್ಲಿಗೇ ಕಳಿಸುತ್ತದೆ.

ಹೊಸದು ಮೇಲೇ ಇರಬೇಕು ಅಂದಿರಲ್ಲ, ಟೆಂಪ್ಲೇಟಿನ ಕೊನೆಯಲ್ಲಿ ‘ಪ್ರಿಪೆಂಡ್’ ಎಂಬ ಗುಣಕ್ಕೆ ‘ಟಿ’ (ಹೌದು ಎಂದರ್ಥ) ಕೊಡಿ. ಇದು ಕ್ಯಾಪ್ಚರಿಗೆ ಮಾತ್ರ. ರೀಫೈಲ್ ಮಾಡಿದ್ದು ಆಗಲೂ ಕೆಳಗೇ ಹೋಗುತ್ತದೆ. ಅದಕ್ಕೆ ‘ಆರ್ಗ್-ರಿವರ್ಸ್-ನೋಟ್-ಆರ್ಡರ್’ ಬೇರೆಯೇ ಇದೆ, ಅದನ್ನೂ ‘ಟಿ’ ಮಾಡಿ.