ಮಗಳು ಊಟ ಬಿಡುತ್ತಿದ್ದಾಳೆ

ಪ್ರಶ್ನೆ: ಮಗಳು ಒಂಬತ್ತನೇ ಕ್ಲಾಸು. ತಾನು ದಪ್ಪ ಅಂತ ಯಾವಾಗಲೂ ಕೊರಗು. ಬುತ್ತಿ ಹಾಗೇ ವಾಪಸ್ ಬರುತ್ತದೆ. ಈ ಸೆಕೆಯಲ್ಲೂ ಸ್ವೆಟರ್ ಹಾಕಿಕೊಂಡೇ ಶಾಲೆಗೆ ಹೋಗುತ್ತಾಳೆ. ಮೊಬೈಲಿನಲ್ಲಿ ಬಿಎಂಐ (ಎತ್ತರಕ್ಕೆ ತಕ್ಕ ತೂಕ ಇದೆಯಾ ಅಂತ ನೋಡುವ ಅಳತೆ) ಲೆಕ್ಕ ಹಾಕಿ ಅತ್ತಳು. ಏನು ಮಾಡಲಿ?
- ಒಬ್ಬ ತಾಯಿ, ಉಡುಪಿ

ಉತ್ತರ: ಅಮ್ಮಾ, ಮೊದಲು ಆ ಬಿಎಂಐ ವಿಷಯ. 18.5ಕ್ಕಿಂತ ಕಡಿಮೆಯಾದರೆ ತೆಳು, 25 ದಾಟಿದರೆ ದಪ್ಪ ಅಂತ ದೊಡ್ಡವರಿಗೆ ಹೇಳುವ ಗಡಿಗಳು ಮಕ್ಕಳಿಗೆ ಅನ್ವಯಿಸುವುದಿಲ್ಲ. ಹೆಣ್ಣೋ ಗಂಡೋ, ವಯಸ್ಸೆಷ್ಟು ಅಂತ ನೋಡಿ ಮಕ್ಕಳ ಡಾಕ್ಟರು ಬೇರೆ ಚಾರ್ಟಿನಲ್ಲಿ ಅಳೆಯುತ್ತಾರೆ. ಮೈನೆರೆಯುವ ಹೊತ್ತಿನಲ್ಲಿ ಈಸ್ಟ್ರೋಜನ್ ಹಾರ್ಮೋನಿನಿಂದ ಸೊಂಟ, ತೊಡೆಯ ಸುತ್ತ ಕೊಬ್ಬು ಸೇರುವುದು ಸಹಜ, ಅದು ಕಾಯಿಲೆಯಲ್ಲ, ಇದನ್ನು ಅವಳಿಗೆ ನೀವೇ ಬಿಡಿಸಿ ಹೇಳಬೇಕು.

ಮನೆಯ ಮಾತನ್ನೂ ಗಮನಿಸಿ. ಮದುವೆ ಮನೆಯಲ್ಲಿ ಸಿಕ್ಕ ದೊಡ್ಡಮ್ಮನೋ ಅತ್ತೆಯೋ "ಏನು ಇಷ್ಟು ದಪ್ಪ ಆಗಿದ್ದೀಯಾ" ಅಂದಾಗ ನೀವು ಸುಮ್ನೆ ನಕ್ಕರೆ ನೀವೂ ಒಪ್ಪಿದಿರಿ ಅಂತಲೇ ಅವಳಿಗೆ ಅನಿಸುತ್ತದೆ, ಅಲ್ವಾ? ಅಲ್ಲೇ, ಅವಳ ಎದುರೇ ತಡೆಯಿರಿ. ಕನ್ನಡಿ ಮುಂದೆ ನಿಮ್ಮ ಹೊಟ್ಟೆಯನ್ನು ನೀವೇ ಬೈದುಕೊಳ್ಳುವುದನ್ನೂ ಬಿಡಿ.

ಊಟಕ್ಕೆ ಒತ್ತಾಯ, ಬೈಗುಳ ಬೇಡ. ಕುಚ್ಚಲಕ್ಕಿ ಗಂಜಿಯೋ ಬಂಗುಡೆ ಸಾರೋ, ಎಲ್ಲರೂ ಒಟ್ಟಿಗೆ ಕೂತು ಉಣ್ಣಿ. ತೂಕದ ಮಾತು ಎತ್ತಬೇಡಿ. ಶಾಲೆಯಲ್ಲಿ ಯಾರಾದರೂ ಅಡ್ಡಹೆಸರು ಇಟ್ಟು ಕರೆಯುತ್ತಿದ್ದಾರಾ ಅಂತ ಮೆಲ್ಲಗೆ ಕೇಳಿ. ಹೌದಾದರೆ ಕ್ಲಾಸ್ ಟೀಚರಿಗೆ ತಿಳಿಸಿ.

ಮುಟ್ಟು ನಿಂತರೆ, ತಲೆಸುತ್ತಿ ಬಿದ್ದರೆ, ಉಂಡದ್ದನ್ನು ಬೇಕಂತಲೇ ವಾಂತಿ ಮಾಡುತ್ತಿದ್ದರೆ ಕಾಯಬೇಡಿ, ಡಾಕ್ಟರಿಗೆ ತೋರಿಸಿ. ಮನಸ್ಸಿನ ಕಷ್ಟಕ್ಕೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, ನಂಬರ್ 14416. ಉಚಿತ. ಕನ್ನಡದಲ್ಲೇ ಮಾತಾಡಬಹುದು, ಬೇಕಾದರೆ ಮೊದಲು ನೀವೇ ಕರೆ ಮಾಡಿ.