ಅವ್ವನ ತಾಟಿನ ಎಣ್ಣಿ ತೆಗೆದ ಮಗ

ಕಲಬುರಗಿಯಲ್ಲಿ ಕ್ಯಾನ್ಸರ್ ರೋಗಿಗಳ ಮನೆಯವರೊಂದಿಗೆ ಮಾತಾಡುವುದು ನನ್ನ ಕೆಲಸ. ಈಚೆಗೆ ಇಂಥದೇ ಪ್ರಕರಣಗಳು ಮತ್ತೆ ಮತ್ತೆ ಬರುತ್ತಿವೆ, ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಹಳ್ಳಿಯ ತಾಯಿ, ಸ್ತನ ಕ್ಯಾನ್ಸರ್, ಕೀಮೋ ನಡೆದಿದೆ. ಜೊತೆಗೆ ಓದಿದ ಮಗ. ತೂಕ ಇಳಿಯುತ್ತಿದೆ, ತಾಯಿ-ಮಗನ ನಡುವೆ ಮಾತಿಲ್ಲ ಎಂದು ವೈದ್ಯರು ಕಳಿಸಿದ್ದರು.

ಮಗ ಮೊಬೈಲ್ ಮುಂದಿಟ್ಟ. ಕೊಬ್ಬು ತಯಾರಿಸುವ ಕಿಣ್ವವೇ ಗಡ್ಡೆ ಬೆಳೆಸುತ್ತದೆ ಎಂಬ ವಾಟ್ಸ್ಆ್ಯಪ್ ಬರಹ. ಅದನ್ನು ಓದಿದ ದಿನದಿಂದ ಮನೆಯಲ್ಲಿ ಕುಸುಬಿ ಎಣ್ಣೆ ಬಂದ್, ಶೇಂಗಾ ಹಿಂಡಿ (ಚಟ್ನಿಪುಡಿ) ಬಂದ್. "ಇದಕ್ಕ ಗುಳಿಗೀನೂ ಅದಾವ್ರಿ ಮೇಡಂ" ಎಂದು ಅಂಗಿ ಕಿಸೆಯಿಂದ ಒಂದು ಗುಳಿಗೆ ಪಟ್ಟಿ ತೆಗೆದ. ತೂಕ ಇಳಿಸುವ ಆರ್ಲಿಸ್ಟಾಟ್. ಪಟ್ಟಿ ಇನ್ನೂ ಒಡೆದಿರಲಿಲ್ಲ, ಪುಣ್ಯ.

ಅಲ್ಲಿಯವರೆಗೆ ಸೆರಗಿನ ಅಂಚು ಸುತ್ತುತ್ತ ಕೂತಿದ್ದ ತಾಯಿ ಬಾಯಿಬಿಟ್ಟರು: "ಗಡ್ಡಿಗಿ ಉಪಾಸ ಕೆಡವ್ತೀನಂತ ನನ್ನ ಉಪಾಸ ಕೆಡವ್ಯಾನ್ರಿ ಅಕ್ಕಾರ. ಹಿಂಡಿ ಇಲ್ಲದ ರೊಟ್ಟಿ ಗಂಟಲದಾಗ ಇಳಿಯಂಗಿಲ್ಲ."

ಮಗ ತಲೆ ತಗ್ಗಿಸಿದ. "ಕೀಮೋ ಏರ್ಸೋರು ಅವರು. ನಾ ಬರೇ ಕುಂತು ನೋಡಬೇಕು. ಇದಾದ್ರ ನನ್ನ ಕೈಯಾಗ ಅದ ಅಂತ…"

ಅವನು ಓದಿದ್ದು ಪೂರ್ತಿ ಸುಳ್ಳಲ್ಲ. ಫ್ಯಾಟಿ ಆಸಿಡ್ ಸಿಂಥೇಸ್ ಎಂಬ ಕಿಣ್ವ ಸ್ತನ, ಪ್ರಾಸ್ಟೇಟ್ ಸೇರಿ ಹಲವು ಕ್ಯಾನ್ಸರ್‌ಗಳಲ್ಲಿ ಹೆಚ್ಚಿರುತ್ತದೆ. ಒಂದು ಕೋಶ ಎರಡಾಗಲು ಹೊಸ ಪೊರೆ ಬೇಕು, ಪೊರೆಗೆ ಕೊಬ್ಬು ಬೇಕು. ಆದರೆ ಈ ಕಿಣ್ವ ಆ ಕೊಬ್ಬನ್ನು ಕಟ್ಟುವುದು ಮುಖ್ಯವಾಗಿ ಗ್ಲೂಕೋಸ್‌ನಿಂದ ಬಂದ ಸರಕಿನಿಂದ. "ತಮ್ಮಾ, ನೀ ಎಣ್ಣಿ ಡಬ್ಬಿ ಮುಚ್ಚಿದ್ರ ಗಡ್ಡಿ ತನ್ನ ಗಾಣ ತಾನೇ ತಿರಗಸ್ತದ" ಅಂದೆ.

"ಹಂಗಾರ ಸಕ್ರಿ ಬಿಡಸ್ಲೇನ್ರಿ?"

ಈ ಪ್ರಶ್ನೆ ಬಂದೇ ಬರುತ್ತದೆ. ಊಟ ಸಾಲದಿದ್ದರೆ ಮೈ ತನ್ನ ಸ್ನಾಯು ಕರಗಿಸಿಯಾದರೂ ಗ್ಲೂಕೋಸ್ ಮಾಡಿಕೊಳ್ಳುತ್ತದೆ. ಗಡ್ಡೆಗೆ ಅದು ಸಿಗುತ್ತಲೇ ಇರುತ್ತದೆ, ಸೊರಗುವವರು ತಾಯಿ.

ಆರ್ಲಿಸ್ಟಾಟ್ ಈ ಕಿಣ್ವವನ್ನು ತಡೆಯುತ್ತದೆಂದು 2004ರಲ್ಲಿ ಪ್ರಯೋಗಾಲಯದಲ್ಲಿ ಕಂಡದ್ದು ನಿಜ. ಆದರೆ ನುಂಗಿದರೆ ಅದು ಬಹುಪಾಲು ಕರುಳಲ್ಲೇ ಉಳಿಯುತ್ತದೆ, ರಕ್ತಕ್ಕೆ ಸೇರುವುದು ತೀರಾ ಅಲ್ಪ. ಉಂಡ ಕೊಬ್ಬು ಜೀರ್ಣವಾಗದೆ ಎಣ್ಣೆಯಂಥ ಭೇದಿ ಆಗಬಹುದು, ಎ, ಡಿ, ಇ, ಕೆ ವಿಟಮಿನ್‌ಗಳೂ ಮೈಗೆ ಸರಿಯಾಗಿ ಹತ್ತುವುದಿಲ್ಲ. ಕೀಮೋದಲ್ಲಿ ಸೋತ ದೇಹಕ್ಕೆ ಇದು ಬೇಕೆ? ಕಿಣ್ವ ತಡೆಯಲೆಂದೇ ಮಾಡಿದ ಡೆನಿಫಾನ್‌ಸ್ಟಾಟ್‌ನಂಥ ಔಷಧಿಗಳು ಕ್ಯಾನ್ಸರ್ ವಿಚಾರದಲ್ಲಿ ಇನ್ನೂ ಪರೀಕ್ಷೆಯ ಹಂತದಲ್ಲಿವೆ.

ಆಪ್ತಸಲಹೆಗಾರರಿಗೆ ಊಟದ ಉಸಾಬರಿ ಯಾಕೆ ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಎಷ್ಟು ಉಣ್ಣಬೇಕೆಂದು ನಾನು ಹೇಳಲಿಲ್ಲ, ಆಹಾರತಜ್ಞರ ಬಳಿ ಕಳಿಸಿದೆ. ಆದರೆ ಆ ಮನೆಯ ಜಗಳ ಇದ್ದದ್ದೇ ತಾಟಿನಲ್ಲಿ. ಅದನ್ನು ಬಿಟ್ಟು 'ಭಾವನೆ ಹಂಚಿಕೊಳ್ಳಿ' ಅನ್ನುವುದು ನನ್ನಿಂದಾಗದು.

ಮಗನಿಗೆ ಹೇಳಿದ್ದು ಇಷ್ಟು: ಗುಳಿಗೆ ಪಟ್ಟಿ ವೈದ್ಯರಿಗೆ ತೋರಿಸು. ವಾಟ್ಸ್ಆ್ಯಪ್‌ನಲ್ಲಿ ಏನೇ ಬರಲಿ, ಅಡುಗೆಮನೆಗೆ ಒಯ್ಯುವ ಮೊದಲು ಅವರನ್ನು ಕೇಳು. ವಾರಕ್ಕೊಮ್ಮೆ ಅವ್ವನ ತೂಕ, ದಿನಾ ಎಷ್ಟು ಉಂಡರು ಎಂಬುದನ್ನು ವಹಿಯಲ್ಲಿ ಬರೆದು ತಾ, ಅದು ನಿನ್ನ ಕೈಯಲ್ಲಿರುವ ಕೆಲಸ. ಹಿಂಡಿಯ ಬಗ್ಗೆ ಆಹಾರತಜ್ಞರನ್ನು ಇವತ್ತೇ ಕೇಳಿಕೊಂಡು ಹೋಗು.