ಭೂಗೋಳದ 20 ಅಂಕದ ಉತ್ತರ: ಮೊದಲು ಅಡ್ಡಕೊಯ್ತದ ಚಿತ್ರ

‘ಕರ್ನಾಟಕದ ಮಳೆ ಹಂಚಿಕೆಯಲ್ಲಿನ ಅಸಮಾನತೆಗೆ ಕಾರಣಗಳನ್ನು ವಿವರಿಸಿ, ಕೃಷಿಯ ಮೇಲೆ ಅದರ ಪ್ರಭಾವವನ್ನು ವಿಮರ್ಶಿಸಿ’ ಎಂಬ ಪ್ರಶ್ನೆಗೆ ನೀವು ಬರೆದು ಹಾಕಿರುವ ಉತ್ತರ ಓದಿದೆ. ಅಂಶಗಳೆಲ್ಲ ಇದ್ದರೂ ಯಾಕೆ ಚೆದುರಿದಂತಿದೆ ಎಂದು ಕೇಳಿದ್ದೀರಿ. ಕಾರಣಗಳಿಗೆ ಎರಡು ಪುಟ ಹೋಗಿದೆ, ಕೃಷಿಗೆ ನಾಲ್ಕೇ ಸಾಲು ಉಳಿದಿದೆ. ಪ್ರಶ್ನೆ ಕೇಳಿರುವುದು ಎರಡು ಕೆಲಸ. ಎರಡಕ್ಕೂ ಸರಿಸಮ ಜಾಗ ಬೇಕು.

ಯುಪಿಎಸ್‌ಸಿ ಐಚ್ಛಿಕ ಪತ್ರಿಕೆಯಲ್ಲಿ 250 ಅಂಕಕ್ಕೆ 180 ನಿಮಿಷ. ಅಂದರೆ 20 ಅಂಕಕ್ಕೆ ಸುಮಾರು 14 ನಿಮಿಷ. ಅದರಲ್ಲಿ 3 ನಿಮಿಷ ಯೋಜನೆಗೆ ತೆಗೆದಿಡಿ, ಕೊನೆಯ 1 ನಿಮಿಷ ಅಂಕಿ, ಊರ ಹೆಸರು ತಿದ್ದಲು.

ಆ 3 ನಿಮಿಷದಲ್ಲಿ ಅಡ್ಡಕೊಯ್ತದ (ನೆಲವನ್ನು ಪಶ್ಚಿಮದಿಂದ ಪೂರ್ವಕ್ಕೆ ಸೀಳಿದರೆ ಪಕ್ಕದಿಂದ ಕಾಣುವ ನೋಟದ) ಕಚ್ಚಾ ಚಿತ್ರ ಎಳೆಯಿರಿ. ಎಡಕ್ಕೆ ಅರಬ್ಬಿ ಸಮುದ್ರ, ಆಮೇಲೆ ಕರಾವಳಿ, ಆಗುಂಬೆಯ ಘಟ್ಟ, ಶಿವಮೊಗ್ಗ, ಬಲತುದಿಗೆ ಚಳ್ಳಕೆರೆ. ನೈಋತ್ಯ ಮಾನ್ಸೂನಿಗೆ ಒಂದು ಬಾಣ. ಪ್ರತಿ ಜಾಗದ ಕೆಳಗೆ ಮಳೆ, ಮಣ್ಣು, ಬೆಳೆ ಎಂದು ಮೂರು ಸಾಲು. ಉತ್ತರ ಇದೇ ಜಾಡಿನಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ನಡೆದರೆ ಚೆದುರುವುದಿಲ್ಲ. ಆಗುಂಬೆಗೆ ವರ್ಷಕ್ಕೆ 7,000 ಮಿ.ಮೀ. ಮೀರಿದ ಮಳೆ, ಚಳ್ಳಕೆರೆಗೆ 500ರ ಆಸುಪಾಸು, ನಡುವಿನ ನೇರ ಅಂತರ 200 ಕಿ.ಮೀ. ಕೂಡ ಇಲ್ಲ. ಪೀಠಿಕೆಗೆ ಇಷ್ಟು ಸಾಕು. ‘ಮಳೆ ಜೀವಜಲ’ ಎಂದು ಶುರುವಾಗುವ ನಿಮ್ಮ ಮೊದಲ ಪ್ಯಾರಾ ಹೊಡೆದುಹಾಕಿ.

‘ಘಟ್ಟಗಳು ಮೋಡಗಳನ್ನು ತಡೆಯುತ್ತವೆ’ ಎಂದು ಬರೆದಿದ್ದೀರಿ. ತುಂಬ ಜನ ಹೀಗೇ ಬರೆಯುತ್ತಾರೆ, ಇಲ್ಲೇ ಅಂಕ ಸೋರುತ್ತದೆ. ತೇವದ ಗಾಳಿ ಇಳಿಜಾರು ಹತ್ತುತ್ತದೆ. ಮೇಲೆ ಒತ್ತಡ ಕಡಿಮೆಯಾದ್ದರಿಂದ ಹಿಗ್ಗಿ ತಣ್ಣಗಾಗುತ್ತದೆ. ಆವಿ ಹನಿಗಟ್ಟಿ ಆರೋಹ ಮಳೆ ಸುರಿಯುತ್ತದೆ. ಪೂರ್ವಕ್ಕೆ ಇಳಿಯುವಾಗ ಗಾಳಿ ಕುಗ್ಗಿ ಬಿಸಿಯಾಗುತ್ತದೆ, ಸಾಪೇಕ್ಷ ಆರ್ದ್ರತೆ ಇಳಿಯುತ್ತದೆ, ಮಳೆ ನೆರಳಿನ ಪ್ರದೇಶ ಉಂಟಾಗುತ್ತದೆ. ಒಂದು ಕೊಂಡಿ ಬಿಟ್ಟರೂ ‘ವಿವರಿಸಿ’ ಎಂದು ಕೇಳಿದ್ದಕ್ಕೆ ಬರೀ ಹೆಸರು ಹೇಳಿದಂತಾಗುತ್ತದೆ. ದಕ್ಷಿಣ ಒಳನಾಡಿನ ಹಿಂಗಾರು ಮಳೆ, ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ ಎರಡು ಸಾಲಲ್ಲಿ ಮುಗಿಯಲಿ.

‘ವಿಮರ್ಶಿಸಿ’ ಎಂದಾಗ, ಮಳೆ ಹೆಚ್ಚಾದಷ್ಟೂ ಬೆಳೆ ಚೆನ್ನ ಎಂಬ ನಂಬಿಕೆಯನ್ನೇ ಒರೆಗೆ ಹಚ್ಚಬೇಕು. ಮಲೆನಾಡಿನಲ್ಲಿ ಬಿಡದೆ ಸುರಿದರೆ ಅಡಿಕೆಗೆ ಕೊಳೆರೋಗ, ಜಂಬಿಟ್ಟಿಗೆ ಮಣ್ಣಿನ ಸತ್ವವೂ ತೊಳೆದುಹೋಗುತ್ತದೆ. ವಿಜಯಪುರದಲ್ಲಿ ಮಳೆ ಕಡಿಮೆ. ಆದರೂ ಎರೆಮಣ್ಣು ಹಿಡಿದಿಟ್ಟ ತೇವದಲ್ಲೇ ಹಿಂಗಾರಿ ಜೋಳ ಬರುತ್ತದೆ. ಈ ಊರು ಅಡ್ಡಕೊಯ್ತದಲ್ಲಿ ಸಿಗದು, ಪಕ್ಕದಲ್ಲಿ ಪುಟ್ಟ ರಾಜ್ಯ ನಕ್ಷೆ ಹಾಕಿ ಗುರುತಿಸಿ. ಚಳ್ಳಕೆರೆಯ ಶೇಂಗಾಕ್ಕೆ ಹೂ ಬಿಟ್ಟು ಕಾಯಿ ಕಟ್ಟುವಾಗ ಮಳೆ ಕೈಕೊಟ್ಟರೆ, ವರ್ಷದ ಒಟ್ಟು ಮಳೆ ಸರಿಯಿದ್ದೂ ಇಳುವರಿ ಬೀಳುತ್ತದೆ. ನೀರಾವರಿಯ ಮಿತಿ ತೋರಿಸಲು ಹಿರಿಯೂರಿನ ವಾಣಿವಿಲಾಸ ಸಾಗರ ಜಲಾಶಯದ ಉದಾಹರಣೆ ಬಳಸಿ: 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ.

ಉಪಸಂಹಾರ ಎರಡೇ ವಾಕ್ಯ, ಹೊಸ ವಿಷಯ ಬೇಡ. ಮತ್ತೊಮ್ಮೆ ಬರೆದು ಹಾಕಿ. ಆ 3 ನಿಮಿಷದ ಕಚ್ಚಾ ಹಾಳೆಯ ಫೋಟೋ ಜೊತೆಗಿರಲಿ, ಮೊದಲು ಅದನ್ನೇ ನೋಡುತ್ತೇನೆ.